ಮನೆಮಂದಿಯೆಲ್ಲ ಹೊನ್ನಾವರಕ್ಕೆ: ಊಟ, ನಮಾಜು, ಕಡಲು, ಕಾಡಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಹುಬ್ಬಳ್ಳಿಯವರು. ಅತ್ತೆ, ಮಾವ, ನಾವಿಬ್ಬರು, ಮೂರು ಮಕ್ಕಳು. ಹೊನ್ನಾವರಕ್ಕೆ ಮೂರು ಸಲ ಹೋಗಿ ಬಂದಿದ್ದೇವೆ. ಅಲ್ಲಿಂದ ಈಚೆಗೆ ಮದುವೆ ಮನೆಯಲ್ಲಿ, ಫೋನಿನಲ್ಲಿ, ಮಕ್ಕಳ ಶಾಲೆ ಗೇಟಿನ ಹತ್ತಿರ ಎಲ್ಲ ಕಡೆ ಇದೇ ವಿಚಾರಣೆ. ಒಂದೇ ಉತ್ತರವನ್ನು ಹತ್ತು ಸಲ ಹೇಳುವ ಬದಲು ಬರೆದಿಟ್ಟುಬಿಡೋಣ ಅನ್ನಿಸಿತು. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ.

## ಹೊರಡುವ ಮುಂಚೆ

ಆಪಾ, ಗೋವಾ, ಗೋಕರ್ಣ ಎಲ್ಲಾ ಬಿಟ್ಟು ಹೊನ್ನಾವರ ಯಾಕೆ?

ಹೊನ್ನಾವರ ಪ್ರವಾಸಿಗರಿಗೆ ಅಂತ ಕಟ್ಟಿದ ಊರಲ್ಲ. ತಾಲ್ಲೂಕು ಕಚೇರಿ, ಮೀನು ಪೇಟೆ, ಬಸ್‌ ಸ್ಟ್ಯಾಂಡು ಇರುವ ಸಾದಾ ಪಟ್ಟಣ. ಆದರೆ ಶರಾವತಿ ನದಿ ಕಡಲು ಸೇರುವುದು ಇಲ್ಲೇ. ನದಿಯ ಉತ್ತರ ದಡದಲ್ಲಿ ಪೇಟೆ, ದಕ್ಷಿಣ ದಡದಲ್ಲಿ ಕಾಸರಕೋಡು. ಅಲ್ಲಿ ಕಡಲತೀರವೂ ಇದೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡೂ ಇದೆ. ಪೂರ್ವಕ್ಕೆ ಒಂದು ಗಂಟೆ ಹೋದರೆ ಸಿಂಗಳೀಕ ಇರುವ ಘಟ್ಟದ ಕಾಡು. ದಕ್ಷಿಣಕ್ಕೆ ಸುಮಾರು 40 ಕಿ.ಮೀ. ಹೋದರೆ ಭಟ್ಕಳ, ಅಂದರೆ ಹಲಾಲ್ ಊಟದ ಚಿಂತೆಯೇ ಇಲ್ಲದ ಊರು. ಇಷ್ಟೆಲ್ಲ ಇಷ್ಟು ಹತ್ತಿರದಲ್ಲಿ, ಇಷ್ಟು ಕಡಿಮೆ ಗದ್ದಲದಲ್ಲಿ ಬೇರೆ ಕಡೆ ನಮಗೆ ಸಿಕ್ಕಿಲ್ಲ. ಗೋಕರ್ಣ ಚೆನ್ನಾಗಿಲ್ಲ ಅಂತಲ್ಲ. ಅತ್ತೆ ಮಾವನ ಜೊತೆ ಅಲ್ಲಿನ ಬೀಚುಗಳಲ್ಲಿ ಸಂಜೆ ಕಳೆಯೋದು ನಮಗೆ ಒಗ್ಗಲಿಲ್ಲ, ಅಷ್ಟೇ.

ಎರಡು ದಿನ ಸಾಕಾ? ಜೋಗ, ಮುರುಡೇಶ್ವರ, ಮಿರ್ಜಾನ್ ಕೋಟೆ ಎಲ್ಲಾ ಆಗುತ್ತಾ?

ಆಗುತ್ತೆ, ಆದರೆ ಕಾರಿನಲ್ಲೇ ಆಗುತ್ತೆ. ನಾವು ಮೊದಲ ಸಲ ಮಾಡಿದ್ದು ಇದೇ ತಪ್ಪು. ಒಂದೇ ದಿನ ಬೆಳಿಗ್ಗೆ ಜೋಗ, ಸಂಜೆ ಮುರುಡೇಶ್ವರ. ಘಟ್ಟದ ತಿರುವಿನಲ್ಲಿ ಚಿಕ್ಕವಳು ಎರಡು ಸಲ ವಾಂತಿ ಮಾಡಿಕೊಂಡಳು, ಜೊಹರ್ (ಮಧ್ಯಾಹ್ನದ ನಮಾಜು) ತಪ್ಪಿತು, ಮಾವ ಮಾತು ಬಿಟ್ಟರು. ರಾತ್ರಿ ರೂಮಿಗೆ ಬಂದ ಮೇಲೆ ಯಾರಿಗೂ ಏನು ನೋಡಿದೆವು ಅಂತ ಸರಿಯಾಗಿ ನೆನಪಿರಲಿಲ್ಲ.

ಈಗ ನಮ್ಮ ನಿಯಮ ಒಂದೇ. ಒಂದೇ ರೂಮು, ಮೂರು ರಾತ್ರಿ, ದಿನಕ್ಕೆ ಒಂದೇ ತಿರುಗಾಟ. ಬೆಳಿಗ್ಗೆ ಹೋಗಿ ಜೊಹರ್ ಹೊತ್ತಿಗೆ ವಾಪಸ್. ಮಧ್ಯಾಹ್ನ ಎಲ್ಲರೂ ಮಲಗಬೇಕು. ಅಸರ್ (ಸಂಜೆ ಮುಂಚಿನ ನಮಾಜು) ಆದ ಮೇಲೆ ಕಡಲ ದಂಡೆ. ಸುಮ್ನೆ ಕೂತಿರೋದೂ ಪ್ರವಾಸವೇ.

ಯಾವ ತಿಂಗಳು ಒಳ್ಳೇದು? ಮಳೆಗಾಲದಲ್ಲಿ ಹಸಿರು ಜಾಸ್ತಿ ಇರುತ್ತಂತೆ, ಅಲ್ವಾ?

ಹಸಿರು ನಿಜ. ಆದರೆ ಈ ಕರಾವಳಿಯಲ್ಲಿ ವರ್ಷಕ್ಕೆ 3000 ಮಿ.ಮೀ.ಗಿಂತ ಜಾಸ್ತಿ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಕಡಲಿಗೆ ಇಳಿಯುವ ಹಾಗಿಲ್ಲ, ದೋಣಿ ನಿಂತಿರುತ್ತದೆ. ಗುಡ್ಡ ಕುಸಿತದ ಭಯ ಬೇರೆ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಬಿದ್ದದ್ದು ಎಲ್ಲರಿಗೂ ನೆನಪಿದೆ. ಮಕ್ಕಳನ್ನು ಕಟ್ಟಿಕೊಂಡು ಜುಲೈನಲ್ಲಿ ಆ ರಸ್ತೆಯಲ್ಲಿ ಹೋಗುವ ಧೈರ್ಯ ನನಗಂತೂ ಇಲ್ಲ.

ಇನ್ನೊಂದು ವಿಷಯ ಮೀನಿನದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗ ಸಿಗುವ ಮೀನು ಕಡಿಮೆ, ರೇಟು ಜಾಸ್ತಿ, ಎಷ್ಟೋ ಕಡೆ ಐಸಿನಲ್ಲಿಟ್ಟ ಮಾಲು. ಮೀನು ತಿನ್ನೋಕೆ ಅಂತ ಹೋಗುವವರು ಆ ಎರಡು ತಿಂಗಳು ಬಿಟ್ಟುಬಿಡಿ.

ನವೆಂಬರ್‌ನಿಂದ ಫೆಬ್ರವರಿ ಎಲ್ಲಕ್ಕಿಂತ ಒಳ್ಳೆಯದು. ಜೋಗದಲ್ಲಿ ಸ್ವಲ್ಪವಾದರೂ ನೀರು ಇರಬೇಕು ಅಂದರೆ ಅಕ್ಟೋಬರ್. ಏಪ್ರಿಲ್, ಮೇ ರಜೆಯಲ್ಲಿ ಸೆಖೆಗೆ ಮಕ್ಕಳ ಮೈಯೆಲ್ಲ ಬೆವರುಸಾಲೆ.

ಬೆಂಗಳೂರಿಂದ ರೈಲಿದೆಯಾ?

ಇದೆ. ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿ ಹೊರಟು ಬೆಳಿಗ್ಗೆ ಹೊನ್ನಾವರ ಮುಟ್ಟುತ್ತದೆ. ಭಟ್ಕಳ, ಮುರುಡೇಶ್ವರದಲ್ಲೂ ನಿಲ್ಲುತ್ತದೆ. ಹೊನ್ನಾವರ ಬರುವ ಮುಂಚೆ ಮಕ್ಕಳನ್ನು ಎಬ್ಬಿಸಿ ಕಿಟಕಿ ಹತ್ತಿರ ಕೂರಿಸಿ. ಶರಾವತಿ ಮೇಲಿನ ರೈಲು ಸೇತುವೆ 2 ಕಿ.ಮೀ.ಗಿಂತ ಉದ್ದ, ಕೊಂಕಣ ರೈಲ್ವೆಯಲ್ಲೇ ಎಲ್ಲಕ್ಕಿಂತ ಉದ್ದದ್ದು. ಮಂಗಳೂರಿನಿಂದ ಕಾರಿನಲ್ಲಿ ಬರುವವರಿಗೆ ಸುಮಾರು 190 ಕಿ.ಮೀ.

## ಉಳಿಯೋದು

"ಫ್ಯಾಮಿಲಿ ರೆಸಾರ್ಟ್" ಅಂತ ಬುಕ್ ಮಾಡಿದ್ವಿ, ಹೋದ್ರೆ ರಾತ್ರಿಯೆಲ್ಲಾ ಹಾಡು, ಬಾಟಲಿ. ಮುಂಚೇನೇ ಹೇಗೆ ತಿಳ್ಕೊಳ್ಳೋದು?

ನಮಗೂ ಒಂದು ಕಡೆ ಹೀಗೇ ಆಯಿತು. ಪಕ್ಕದ ರೂಮಿನವರ ಸ್ಪೀಕರು ಮುಂಜಾನೆಯ ಫಜರ್‌ವರೆಗೆ ನಿಲ್ಲಲಿಲ್ಲ. "ಫ್ಯಾಮಿಲಿ" ಅನ್ನುವ ಪದಕ್ಕೆ ಏನೂ ಅರ್ಥವಿಲ್ಲ ಅಂತ ಆಗ ಗೊತ್ತಾಯಿತು. ಈಗ ಬುಕ್ ಮಾಡುವ ಮುಂಚೆ ನಾನೇ ಫೋನ್ ಮಾಡುತ್ತೇನೆ. ಬಾರ್ ಇದೆಯಾ ಅಂತ ಮಾತ್ರ ಕೇಳಿದರೆ ಸಾಲದು, ಬಾರ್ ಇಲ್ಲದ ಕಡೆಯೂ ಗಿರಾಕಿಗಳು ತಾವೇ ತಂದುಕೊಳ್ಳುತ್ತಾರೆ. "ಹೊರಗಿನಿಂದ ಕುಡಿಯೋಕೆ ತಂದುಕೊಳ್ಳಲು ಬಿಡುತ್ತೀರಾ?" ಅಂತ ಕೇಳಿ. ನೀವೂ ಕುಡಿಯೋ ಗಿರಾಕಿ ಅಂತ ಅಂದುಕೊಂಡು ಖುಷಿಯಿಂದ "ಬಿಡ್ತೀವಿ ಮೇಡಂ" ಅಂದರೆ ನಿಮಗೆ ಉತ್ತರ ಸಿಕ್ಕಿತು.

ಆಮೇಲೆ ಎರಡು ಪ್ರಶ್ನೆ. ವಾರದ ಕೊನೆಗೆ ಕಂಪನಿ ಗುಂಪುಗಳು ಬರುತ್ತವೆಯೇ? ಅಡುಗೆ ಮನೆ ಬಳಸೋಕೆ ಕೊಡುತ್ತೀರಾ? ಎರಡನೆಯದಕ್ಕೆ ಹೌದು ಅಂದರೆ ಅರ್ಧ ಚಿಂತೆ ಕಳೆಯಿತು. ಸಾಧ್ಯವಾದರೆ ಶನಿವಾರ, ಭಾನುವಾರ ಬಿಟ್ಟು ಸೋಮವಾರ ಹೋಗಿ.

ತೋಟದ ಮನೆ ಹೋಮ್‌ಸ್ಟೇ ಚೆನ್ನಾಗಿರುತ್ತೆ ಅಂತಾರೆ. ಆದ್ರೆ ಹವ್ಯಕರ ಮನೆ, ನಾವು ಹೋದ್ರೆ ಮುಜುಗರ ಆಗಲ್ವಾ?

ಈ ಪ್ರಶ್ನೆ ನನ್ನ ಮಾವ ಕೇಳಿದ್ದು. ಅಡಿಕೆ ತೋಟದ ನಡುವಿನ ಹವ್ಯಕ ಬ್ರಾಹ್ಮಣರ ಮನೆ. ಫೋನಿನಲ್ಲೇ ನಮ್ಮ ಹೆಸರು ಹೇಳಿ, ನಮಾಜು ಮಾಡುತ್ತೇವೆ, ಜಾಗ ಬೇಕು ಅಂದೆ. "ಜಗಲಿ ಮೇಲೆ ಮಾಡಿ, ಗಾಳಿ ಬರ್ತದೆ" ಅಂದರು. ಅವರು ಕೇಳಿದ್ದು ಒಂದೇ: ಮಾಂಸ, ಮೊಟ್ಟೆ ಮನೆಯೊಳಗೆ ತರಬೇಡಿ.

ಯೋಚನೆ ಮಾಡಿ ನೋಡಿ, ಹಲಾಲ್ ಹುಡುಕುವವರಿಗೆ ಇದಕ್ಕಿಂತ ಸುಲಭದ ಮನೆ ಯಾವುದು? ಮಾಂಸ ಇಲ್ಲ, ಮದ್ಯ ಇಲ್ಲ, ಎಣ್ಣೆ ಯಾವುದರದ್ದು ಅನ್ನುವ ಅನುಮಾನ ಇಲ್ಲ. ತಂಬುಳಿ, ಅಪ್ಪೆಹುಳಿ, ಬಾಳೆಲೆ ಊಟ, ಬೆಳಿಗ್ಗೆ ತೊಡದೇವು ಮೇಲೆ ತುಪ್ಪ. ಅಪ್ಪೆಹುಳಿಯನ್ನು ಮಾವ ಲೋಟಕ್ಕೆ ಹಾಕಿಸಿಕೊಂಡು ಮೂರು ಸಲ ಕುಡಿದರು. ಒಂದೇ ಮಾತು: ಭಟ್ಕಳದಿಂದ ಬಿರಿಯಾನಿ ಪಾರ್ಸೆಲ್ ತಂದು "ಕಾರಿನಲ್ಲೇ ಇದೆ, ಪರವಾಗಿಲ್ಲ" ಅಂತ ಅಂಗಳದಲ್ಲಿ ಬಿಚ್ಚಬೇಡಿ. ನಮ್ಮ ನಿಯಮಕ್ಕೆ ಅವರು ಜಾಗ ಕೊಟ್ಟ ಹಾಗೆ ಅವರ ನಿಯಮಕ್ಕೆ ನಾವೂ ಕೊಡಬೇಕು.

## ಊಟ

ಎಲ್ಲೂ ಹಲಾಲ್ ಬೋರ್ಡು ಕಾಣಲ್ಲ. ಹೇಗೆ ಗೊತ್ತಾಗುತ್ತೆ?

ಬೋರ್ಡು ಹುಡುಕಬೇಡಿ, ಬಾಯಿ ಬಿಟ್ಟು ಕೇಳಿ. "ಕೋಳಿ ಯಾರ ಅಂಗಡಿಯಿಂದ ತರ್ತೀರಿ?" ಅನ್ನುವುದು ಒಳ್ಳೆಯ ಪ್ರಶ್ನೆ. ಅಂಗಡಿಯವನ ಹೆಸರು ಥಟ್ಟನೆ ಹೇಳಿದರೆ ಸರಿ, ತಡವರಿಸಿದರೆ ಮೀನೂಟ ಹೇಳಿ. ಮೀನಿಗೆ ಜಬಹ್ (ಹಲಾಲ್ ಕ್ರಮದಲ್ಲಿ ಕೊಯ್ಯುವುದು) ಬೇಕಿಲ್ಲವಲ್ಲ. ಆದರೆ ಒಂದು ಗಮನ ಇರಲಿ. ಮೀನು ಹುರಿಯುವ ಕಾವಲಿಯಲ್ಲೇ ಕೋಳಿಯನ್ನೂ ಹುರಿಯುತ್ತಾರಾ ಅಂತ ಕೇಳಿಕೊಳ್ಳಿ. ಬೇಜಾರು ಮಾಡಿಕೊಳ್ಳುವುದಿಲ್ಲ. ಈ ಪ್ರಶ್ನೆ ಅವರಿಗೆ ಹೊಸದಲ್ಲ, ಸಸ್ಯಾಹಾರಿ ಗಿರಾಕಿಗಳೂ ಇದನ್ನೇ ಕೇಳುತ್ತಾರೆ.

"ಬಾರ್ ಅಂಡ್ ರೆಸ್ಟೋರೆಂಟ್" ಅಂತ ಇರುವ ಕಡೆ ಮೀನು ರುಚಿಯಾಗಿರುತ್ತದೆ ಅಂತ ಆಟೋದವರು ಹೇಳುತ್ತಾರೆ. ಇರಬಹುದು. ನಾವು ಹೋಗುವುದಿಲ್ಲ.

ಏಡಿ, ಬೊಂಡಾಸ್ (ಸ್ಕ್ವಿಡ್), ಬಳಚು (ಚಿಪ್ಪುಜೀವಿ) ಎಲ್ಲಾ ತಿನ್ನಬಹುದಾ? ಅಲ್ಲಿನ ಮುಸ್ಲಿಮರು ತಿಂತಾರಲ್ಲ?

ನನಗೆ ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಉತ್ತರ ನೀವು ಯಾವ ಮಜ್‌ಹಬ್‌ನವರು, ಅಂದರೆ ಷರೀಯತ್‌ನ ಯಾವ ಪಂಥ ಅನುಸರಿಸುವವರು ಅನ್ನುವುದರ ಮೇಲಿದೆ. ಕರಾವಳಿಯ ಮುಸ್ಲಿಮರಾದ ನವಾಯತರು, ಬ್ಯಾರಿಗಳು ಶಾಫಿ. ಹುಬ್ಬಳ್ಳಿ, ವಿಜಯಪುರ, ಬೆಂಗಳೂರು ಕಡೆಯ ನಮ್ಮಂಥ ಉರ್ದು ಮಾತಾಡುವವರು ಹೆಚ್ಚಾಗಿ ಹನಫಿ. ಶಾಫಿಗಳಿಗೆ ಕಡಲಲ್ಲೇ ಬದುಕುವ ಜೀವಿಗಳು ಬಹುತೇಕ ಎಲ್ಲ ಹಲಾಲ್. ಹನಫಿಗಳಿಗೆ ಮೀನು ಮಾತ್ರ. ಆ ಲೆಕ್ಕದಲ್ಲಿ ಬೊಂಡಾಸ್, ಬಳಚು ನಮಗೆ ಇಲ್ಲ. ಶೆಟ್ಲಿ, ಅಂದರೆ ಸಿಗಡಿ, ಮೀನೋ ಅಲ್ಲವೋ ಅನ್ನುವುದರ ಮೇಲೆ ಹನಫಿ ಆಲಿಮರಲ್ಲೇ ಎರಡು ಮಾತಿದೆ. ನಿಮ್ಮ ಮನೆಯಲ್ಲಿ ಯಾರ ಮಾತು ನಡೆಯುತ್ತದೋ ಅದರಂತೆ ಮಾಡಿ.

ಏಡಿಯನ್ನು ಪ್ರತ್ಯೇಕ ಹೇಳಬೇಕು. ಹನಫಿಗಳಿಗೆ ಇಲ್ಲ. ಶಾಫಿಗಳಲ್ಲಿಯೂ ನೀರಿನಲ್ಲೂ ನೆಲದಲ್ಲೂ ಬದುಕುವ ಏಡಿಯ ಬಗ್ಗೆ ತಕರಾರಿದೆ. ಅವರವರ ಉಸ್ತಾದರನ್ನು ಕೇಳುವುದೇ ಸರಿ.

ಭಟ್ಕಳದ ಗೆಳತಿಯ ಮನೆಯಲ್ಲಿ ಒಂದೇ ದಸ್ತರಖಾನ್ ಮೇಲೆ ಅವರು ಬಳಚು ಸುಕ್ಕ ತಿಂದರು, ನಾವು ಬಂಗುಡೆ ತಿಂದೆವು. ಯಾರಿಗೂ ಏನೂ ಅನ್ನಿಸಲಿಲ್ಲ, ನನ್ನ ದೊಡ್ಡ ಮಗನನ್ನು ಬಿಟ್ಟು. ಅವನಿಗೆ ಶಾಫಿ ಆಗಬೇಕಂತೆ.

ಬಿರಿಯಾನಿಗೆ ಅಂತಲೇ ಭಟ್ಕಳಕ್ಕೆ ಹೋಗೋದು ಸರಿನಾ?

ಸರಿ. ಅರ್ಧ ದಿನ ಇಟ್ಟುಕೊಳ್ಳಿ. ಭಟ್ಕಳ ಬಿರಿಯಾನಿ ನಮ್ಮ ಹುಬ್ಬಳ್ಳಿ ಮದುವೆ ಬಿರಿಯಾನಿ ಥರ ಅಲ್ಲ. ಈರುಳ್ಳಿ ಧಾರಾಳವಾಗಿ ಬಾಡಿಸಿದ ಮಸಾಲೆ ಕೆಳಗೆ, ಬೇರೆಯಾಗಿ ಬೆಂದ ಅನ್ನ ಮೇಲೆ. ಬಡಿಸುವಾಗ ಕಲಸುವುದಿಲ್ಲ. ಖಾರ ಕಡಿಮೆ ಇರುವುದರಿಂದ ಮಕ್ಕಳು ತಿನ್ನುತ್ತಾರೆ. ಅನ್ನದ ಬದಲು ಶಾವಿಗೆ ಹಾಕಿದ ಬಿರಿಯಾನಿಯೂ ಅಲ್ಲಿದೆ. ಸಿಕ್ಕಿದರೆ ಬಿಡಬೇಡಿ.

ಶುಕ್ರವಾರ ಹೋಗುವುದಾದರೆ ಜುಮಾ ಹೊತ್ತಿಗೆ ಅಂಗಡಿ ಮುಚ್ಚಿರುತ್ತದೆ ಅನ್ನುವ ಲೆಕ್ಕ ಇರಲಿ. ಗಂಡಸರು ಜಾಮಿಯಾ ಮಸೀದಿಯಲ್ಲಿ ಜುಮಾ ಮಾಡಲಿ. ಅದನ್ನು ಚಿನ್ನದ ಪಳ್ಳಿ ಅಂತಲೂ ಕರೆಯುತ್ತಾರೆ. ಹೆಂಗಸರು ಅಷ್ಟರಲ್ಲಿ ಭಟ್ಕಳ ಮಲ್ಲಿಗೆ ತೆಗೆದುಕೊಳ್ಳಬಹುದು. ಅದೇ ಬೀದಿಗಳಲ್ಲಿ ನವಾಯತಿ ಮಾತು ಕಿವಿಗೆ ಬೀಳುತ್ತದೆ. ಕೇಳೋಕೆ ಕೊಂಕಣಿ, ಬರೆಯೋದು ಉರ್ದುವಿನಂಥ ಅಕ್ಷರದಲ್ಲಿ.

ರಂಜಾನ್‌ನಲ್ಲಿ ಹೋಗಬಹುದಾ?

ಭಟ್ಕಳದ ರಾತ್ರಿ ಪೇಟೆ ನೋಡೋಕೆ ಆದರೆ ಹೋಗಿ. ಕಡಲು, ಕಾಡು ನೋಡೋಕೆ ಆದರೆ ಬೇಡ. ಕರಾವಳಿಯ ಸೆಖೆಯಲ್ಲಿ ರೋಜಾ ಇಟ್ಟುಕೊಂಡು ಮಕ್ಕಳ ಹಿಂದೆ ಓಡೋದು ಆಗದ ಮಾತು.

## ನಮಾಜು

ಹೆಂಗಸರು ಎಲ್ಲಿ ಮಾಡೋದು? ಮಸೀದಿಯಲ್ಲಿ ಜಾಗ ಇರುತ್ತಾ?

ಇದೆ ಅಂತ ನಂಬಿಕೊಂಡು ಹೋಗಬೇಡಿ. ಗಂಡಸರಿಗೆ ಹೊನ್ನಾವರದಲ್ಲೂ ಕಾಸರಕೋಡಿನಲ್ಲೂ ಮಸೀದಿ ಇದೆ. ನಾವು ಹೆಂಗಸರು ರೂಮಿನಲ್ಲಿ, ಇಲ್ಲವೇ ಕಡಲ ದಂಡೆಯ ಗಾಳಿಮರಗಳ ನೆರಳಿನಲ್ಲಿ ಮಾಡುತ್ತೇವೆ. ಒಂದು ದೊಡ್ಡ ಬೆಡ್‌ಶೀಟು ಸಾಕು. ವುಜೂಗೆ (ನಮಾಜಿಗೆ ಮುಂಚೆ ಕೈ, ಮುಖ, ಕಾಲು ತೊಳೆಯೋಕೆ) ನೀರು ಇಲ್ಲ ಅಂತ ಹುಡುಕಬೇಡಿ, ಎದುರಿಗೇ ಕಡಲಿದೆ. ಕಡಲ ನೀರು ಶುದ್ಧ, ಅದರಲ್ಲಿ ವುಜೂ ಆಗುತ್ತದೆ ಅಂತ ಹದೀಸ್ ಇದೆ. ಕಣ್ಣು ಉರಿಯುತ್ತದೆ, ಅಷ್ಟೇ.

ಕಿಬ್ಲಾ (ನಮಾಜಿಗೆ ಮುಖ ಮಾಡುವ ಮಕ್ಕಾದ ದಿಕ್ಕು) ಬಗ್ಗೆ ಒಂದು ಮಾತು. ಕಡಲಿಗೆ ಮುಖ ಮಾಡಿ ನಿಂತರೆ ಆಯಿತು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಹೊನ್ನಾವರದಿಂದ ಕಿಬ್ಲಾ ನೇರ ಪಶ್ಚಿಮಕ್ಕಿಂತ ಸುಮಾರು 17 ಡಿಗ್ರಿ ಉತ್ತರಕ್ಕೆ ಬರುತ್ತದೆ, ಅಂದರೆ ಸ್ವಲ್ಪ ಬಲಕ್ಕೆ. ಡಿಸೆಂಬರ್‌ನಲ್ಲಿ ಸೂರ್ಯ ಮುಳುಗುವುದು ಪಶ್ಚಿಮಕ್ಕಿಂತ ಎಡಕ್ಕೆ. ಮಗ್ರಿಬ್‌ಗೆ ಸೂರ್ಯ ಮುಳುಗಿದ ಕಡೆ ತಿರುಗಿ ನಿಂತರೆ 40 ಡಿಗ್ರಿಯಷ್ಟು ತಪ್ಪುತ್ತದೆ. ಮೊಬೈಲಿನಲ್ಲಿ ದಿಕ್ಸೂಚಿ ನೋಡಿಕೊಳ್ಳಿ.

ಅಲ್ಲಿ ಅಸರ್ ಅಜಾನ್ ತುಂಬಾ ಬೇಗ ಆಯ್ತು. ಟೈಮ್ ತಪ್ಪಾಗಿತ್ತಾ?

ತಪ್ಪಲ್ಲ, ಶಾಫಿ ಲೆಕ್ಕ. ವಸ್ತುವಿನ ನೆರಳು, ಮಧ್ಯಾಹ್ನದ ನೆರಳು ಬಿಟ್ಟು, ಅದರ ಎತ್ತರದಷ್ಟೇ ಆದಾಗ ಅವರ ಅಸರ್ ಶುರು. ಹನಫಿಗಳಿಗೆ ಅದು ಎರಡರಷ್ಟಾಗಬೇಕು. ಡಿಸೆಂಬರ್ ಕೊನೆಯಲ್ಲಿ ಹೊನ್ನಾವರದಲ್ಲಿ ಇವೆರಡರ ನಡುವೆ ಸುಮಾರು ಮುಕ್ಕಾಲು ಗಂಟೆ. ಅವರದು ಮುಕ್ಕಾಲು ನಾಲ್ಕರ ಹೊತ್ತಿಗೆ, ನಮ್ಮದು ನಾಲ್ಕೂವರೆಗೆ. ಜಮಾತ್ (ಮಸೀದಿಯ ಸಾಮೂಹಿಕ ನಮಾಜು) ಬೇಕು ಅನ್ನುವ ಗಂಡಸರು ಮಧ್ಯಾಹ್ನದ ನಿದ್ದೆಯನ್ನು ಅದಕ್ಕೆ ತಕ್ಕಂತೆ ಮುರಿಯಬೇಕು.

ಕಸರ್ (ಪ್ರಯಾಣದಲ್ಲಿ ನಮಾಜು ಮೊಟಕು ಮಾಡುವುದು) ಮಾಡಬೇಕಾ?

ಹುಬ್ಬಳ್ಳಿಯಿಂದ, ಮಂಗಳೂರಿನಿಂದ, ಬೆಂಗಳೂರಿನಿಂದ ಹೋದರೆ ದೂರದ ಲೆಕ್ಕದಲ್ಲಿ ಎರಡೂ ಮಜ್‌ಹಬ್ ಪ್ರಕಾರ ನೀವು ಮುಸಾಫಿರ್. ಹನಫಿಗಳಿಗೆ ಒಂದು ಕಡೆ 15 ದಿನಕ್ಕಿಂತ ಕಡಿಮೆ ಉಳಿಯುವ ನಿಯ್ಯತ್ ಇರಬೇಕು. ಶಾಫಿಗಳಿಗೆ ಬಂದ ದಿನ, ಹೊರಡುವ ದಿನ ಬಿಟ್ಟು ನಾಲ್ಕು ದಿನಕ್ಕಿಂತ ಕಡಿಮೆ. ಮೂರು ರಾತ್ರಿಯ ಪ್ರವಾಸ ಎರಡಕ್ಕೂ ಹೊಂದುತ್ತದೆ. ಎರಡು ನಮಾಜು ಸೇರಿಸಿ ಮಾಡುವುದು ಶಾಫಿಗಳಿಗೆ ಉಂಟು, ನಮಗೆ ಇಲ್ಲ.

## ಕಡಲು, ಕಾಂಡ್ಲಾ, ಕಾಡು

ಬುರ್ಖಾದಲ್ಲೇ ನೀರಿಗೆ ಇಳಿಯಬಹುದಾ? ಯಾರಾದ್ರೂ ಏನಾದ್ರೂ ಅಂತಾರಾ?

ಯಾರೂ ಏನೂ ಅನ್ನುವುದಿಲ್ಲ. ಇಲ್ಲಿ ಬಹಳಷ್ಟು ಹೆಂಗಸರು ಮೈತುಂಬ ಬಟ್ಟೆಯಲ್ಲೇ ನೀರಿಗೆ ಇಳಿಯುತ್ತಾರೆ. ನನ್ನ ಚಿಂತೆ ಬೇರೆ. ಉದ್ದನೆಯ ಬುರ್ಖಾ ನೆನೆದರೆ ಭಾರ, ಅಲೆ ಬಂದಾಗ ಕಾಲಿಗೆ ಸುತ್ತಿಕೊಳ್ಳುತ್ತದೆ. ಮೊಣಕಾಲು ಮಟ್ಟದ ನೀರಿನಲ್ಲೇ ನಾನು ಒಮ್ಮೆ ಬಿದ್ದಿದ್ದೇನೆ. ಈಗ ಬುರ್ಕಿನಿ, ಇಲ್ಲವೇ ದಪ್ಪ ಬಟ್ಟೆಯ ಪೈಜಾಮ ಮತ್ತು ಮೊಣಕಾಲಿನವರೆಗಿನ ಕುರ್ತಾ, ಪಿನ್ನು ಹಾಕಿದ ಸ್ಕಾರ್ಫು.

ಇಳಿಯುವುದಾದರೆ ಕಾಸರಕೋಡು ಇಕೋ ಬೀಚಿನಲ್ಲೇ ಇಳಿಯಿರಿ. 2020ರಲ್ಲಿ ಸ್ವಚ್ಛತೆ, ಸುರಕ್ಷತೆಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ದೇಶದ ಮೊದಲ ಎಂಟು ಬೀಚುಗಳಲ್ಲಿ ಇದೂ ಒಂದು. ಬಟ್ಟೆ ಬದಲಿಸುವ ಕೋಣೆ, ಶೌಚಾಲಯ, ಕಾವಲುಗಾರರು ಇದ್ದಾರೆ. ಬಟ್ಟೆ ಬದಲಿಸೋಕೆ ಬಾಗಿಲಿರುವ ಕೋಣೆ ಸಿಗುವುದು ನಮಗೆ ಎಷ್ಟು ದೊಡ್ಡ ಮಾತು ಅಂತ ಗಂಡಸರಿಗೆ ಅರ್ಥವಾಗಲ್ಲ.

ಕಾಂಡ್ಲಾ ನಡಿಗೆ ಮಕ್ಕಳಿಗೆ ಬೇಜಾರಾಗುತ್ತಾ?

ನೀರು ಇಳಿದಾಗ ಹೋದರೆ ಆಗುವುದಿಲ್ಲ. ಅರಣ್ಯ ಇಲಾಖೆಯವರು ಕಾಸರಕೋಡಿನ ಕಾಂಡ್ಲಾ ಗಿಡಗಳ ನಡುವೆ ಹಲಗೆಯ ಕಾಲುದಾರಿ ಮಾಡಿದ್ದಾರೆ. ಭರತದ ಹೊತ್ತಿನಲ್ಲಿ ಕೆಳಗೆ ಬರೀ ನೀರು. ಇಳಿತದ ಹೊತ್ತಿನಲ್ಲಿ ಕೆಸರು ಕಾಣುತ್ತದೆ. ಕೆಸರಿನ ಮೇಲೆ ಪುಟ್ಟ ಏಡಿಗಳು ಓಡುತ್ತವೆ, ಮೀನೊಂದು ನೆಲದ ಮೇಲೆ ಕುಪ್ಪಳಿಸುತ್ತದೆ, ಬೇರುಗಳು ಬೆರಳಿನ ಥರ ಮೇಲೆ ಚಾಚಿಕೊಂಡಿರುತ್ತವೆ. ನಮ್ಮ ಚಿಕ್ಕವಳು ಒಂದು ಗಂಟೆ ಬೋರಲು ಮಲಗಿ ನೋಡಿದಳು. ದೋಣಿ ಸವಾರಿಗೆ ಮಾತ್ರ ನೀರು ತುಂಬಿರಬೇಕು. ಹಾಗಾಗಿ ಎರಡನ್ನೂ ಬೇರೆ ಬೇರೆ ಹೊತ್ತಿಗೆ ಇಟ್ಟುಕೊಳ್ಳಿ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ದೋಣಿಯವರನ್ನು ಕೇಳಿದರೆ ನಾಳೆಯದನ್ನು ಇವತ್ತೇ ಹೇಳುತ್ತಾರೆ.

ಚಳಿಗಾಲದಲ್ಲಿ ಕಾಸರಕೋಡಿನ ಟೊಂಕದ ಕಡೆ ಮರಳಿನಲ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಬೇಲಿ ಹಾಕಿದ ಜಾಗ ಕಂಡರೆ ದೂರ ನಿಲ್ಲಿ. ರಾತ್ರಿ ಟಾರ್ಚು ಹಿಡಿದು ಹುಡುಕಾಡಬೇಡಿ.

ಅಮ್ಮನಿಗೆ ಮೊಣಕಾಲು ನೋವು. ಜೋಗ ಬೇಕಾ ಬೇಡವಾ?

ಬೇಕು, ಮೇಲಿನಿಂದ ಮಾತ್ರ. ಕೆಳಗೆ ಇಳಿಯುವುದು ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಹೊನ್ನಾವರದಿಂದ ಸುಮಾರು 60 ಕಿ.ಮೀ., ಆದರೆ ಘಟ್ಟ ಇರುವುದರಿಂದ ಎರಡು ಗಂಟೆ ಇಟ್ಟುಕೊಳ್ಳಿ. 253 ಮೀಟರ್ ಎತ್ತರದಿಂದ ರಾಜಾ, ರಾಣಿ, ರೋರರ್, ರಾಕೆಟ್ ಧುಮುಕುವುದು ಮಳೆ ಮುಗಿಯುವ ಹೊತ್ತಿಗೆ ಚೆಂದ. ಫೆಬ್ರವರಿಗೆ ಹೋದರೆ ಬಂಡೆ ನೋಡಿ ಬರುತ್ತೀರಿ. ನೀರನ್ನು ಮೇಲೆ ಲಿಂಗನಮಕ್ಕಿಯಲ್ಲಿ ಕಟ್ಟಿದ್ದಾರೆ.

ನೀರಿಲ್ಲದ ಕಾಲದಲ್ಲಿ ಅರ್ಧ ದಾರಿಯ ಗೇರುಸೊಪ್ಪೆಗೇ ನಿಲ್ಲಿಸಿ ಅನ್ನುತ್ತೇನೆ. ನಗರಬಸ್ತಿಕೇರಿಯ ಕಾಡಿನಲ್ಲಿ ಚತುರ್ಮುಖ ಬಸದಿ ಇದೆ. ನಾಲ್ಕು ದಿಕ್ಕಿಗೂ ಬಾಗಿಲು. ಕಾಳುಮೆಣಸಿನ ರಾಣಿ ಅಂತ ಪೋರ್ಚುಗೀಸರು ಕರೆದ ಚೆನ್ನಭೈರಾದೇವಿ 16ನೇ ಶತಮಾನದಲ್ಲಿ ಆಳಿದ್ದು ಇಲ್ಲಿಂದಲೇ. ಸದ್ದಿಲ್ಲದ ಜಾಗ. ಬಸದಿ ಸುತ್ತ ನೆರಳಿದೆ, ಅಮ್ಮಂದಿರು ಕೂರಬಹುದು. ಘಟ್ಟದ ರಸ್ತೆಯಲ್ಲಿ ಸಿಂಗಳೀಕ ಕಂಡರೆ ಬಿಸ್ಕತ್ತು ಎಸೆಯಬೇಡಿ. ತಿನ್ನೋಕೆ ಅಂತ ರಸ್ತೆಗೆ ಇಳಿದು ಗಾಡಿಗೆ ಸಿಕ್ಕಿ ಸಾಯುತ್ತವೆ.

ಉಂಬಳ (ಕಾಡಿನ ಜಿಗಣೆ) ಕಚ್ಚಿದ್ರೆ ವುಜೂ ಹೋಗುತ್ತಾ?

ನಗಬೇಡಿ, ಮಳೆಗಾಲದಲ್ಲಿ ಕಾಡಿಗೆ ಹೋದ ನಮ್ಮ ಮೈದುನ ನಿಜವಾಗಿ ಕೇಳಿದ್ದು. ಹನಫಿಗಳಿಗೆ ರಕ್ತ ಹರಿದರೆ ವುಜೂ ಹೋಗುತ್ತದೆ, ಉಂಬಳ ಹೊಟ್ಟೆ ತುಂಬ ಕುಡಿದಿದ್ದರೂ ಅಷ್ಟೇ. ಶಾಫಿಗಳಿಗೆ ಹೋಗುವುದಿಲ್ಲ, ರಕ್ತ ತೊಳೆದುಕೊಂಡರೆ ಸಾಕು. ಕಿತ್ತು ಎಳೆಯಬೇಡಿ, ಉಪ್ಪು ಹಚ್ಚಿದರೆ ತಾನೇ ಉದುರುತ್ತದೆ.

## ಕೊನೆಗೆ ಕೇಳುವ ಎರಡು

ಇಬ್ನ್ ಬತೂತಾ ಹೊನ್ನಾವರಕ್ಕೆ ಬಂದಿದ್ದು ನಿಜಾನಾ?

ನಿಜ. 1340ರ ದಶಕದಲ್ಲಿ ಬಂದಿದ್ದ. ಊರಿನ ಹೆಸರನ್ನು ಹಿನಾವರ್ ಅಂತ ಬರೆದಿದ್ದಾನೆ. ಆಗ ಸುಲ್ತಾನ್ ಜಮಾಲುದ್ದೀನ್ ಇಲ್ಲಿದ್ದ. ನನಗೆ ಇಷ್ಟವಾದದ್ದು ಬೇರೆ ಸಂಗತಿ. ಇಲ್ಲಿನ ಹೆಂಗಸರಿಗೆ ಕುರ್‌ಆನ್ ಬಾಯಿಪಾಠ ಇತ್ತು ಅನ್ನುತ್ತಾನೆ. ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ನೋಡಿದೆ, ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲ ಅಂತ ಬರೆದಿದ್ದಾನೆ. ಏಳುನೂರು ವರ್ಷದ ಹತ್ತಿರದ ಮಾತು. ಇದನ್ನು ಮಗಳಿಗೆ ಹೇಳಿದೆ. "ಹದಿಮೂರೇ ಯಾಕೆ, ಇಪ್ಪತ್ಮೂರು ಯಾಕಲ್ಲ?" ಅಂದಳು.

ಅಲ್ಲಿ ರೊಟ್ಟಿ ಸಿಗುತ್ತಾ?

ಜೋಳದ ರೊಟ್ಟಿ ಸಿಗೋದು ಕಷ್ಟ. ಅದು ಅನ್ನದ ಸೀಮೆ. ಇದರ ಬಗ್ಗೆಯೂ ಇಬ್ನ್ ಬತೂತಾ ಹೇಳಿದ್ದಾನೆ. ಇಲ್ಲಿ ಹನ್ನೊಂದು ತಿಂಗಳು ರೊಟ್ಟಿಯ ಮುಖವನ್ನೇ ನೋಡಲಿಲ್ಲವಂತೆ, ದಿನವೂ ಅನ್ನವೇ. ಇದನ್ನು ಅತ್ತೆಗೆ ಓದಿ ಹೇಳಿದಾಗ ಅವರು ಏನೂ ಅನ್ನಲಿಲ್ಲ. ಎದ್ದು ಹೋಗಿ ತಮ್ಮ ಚೀಲ ತೆಗೆದು, ಹಳೇ ಸೀರೆಯಲ್ಲಿ ಸುತ್ತಿಟ್ಟಿದ್ದ ಇಪ್ಪತ್ತು ಕಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ ಹೊರಗಿಟ್ಟರು. ಮೀನು ಸಾರಿನಲ್ಲಿ ಅದ್ದಿಕೊಂಡರೆ ಬಹಳ ಚೆನ್ನಾಗಿರುತ್ತದೆ.